ಉಂಬಳಿ: ಉತ್ತವರು ಮತ್ತು ಉಂಡವರು

ಈ ಹೊತ್ತು ಒಂದೇ ಒಂದು ಪದವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಆ ಪದ ಉಂಬಳಿ. ದಿನಬಳಕೆಯಿಂದ ಅದು ಜಾರಿಹೋಗಿ ಬಹಳ ಕಾಲವಾಯಿತು. ಆದರೂ ನಿಮ್ಮ ಕಿವಿಗೆ ಅದು ಹೊಸದಲ್ಲ. ಯಾರಾದರೂ ಸರ್ಕಾರಿ ಜಾಗದಲ್ಲಿ ಬೇಲಿ ಹಾಕಿಕೊಂಡು ದರ್ಬಾರು ನಡೆಸುತ್ತಿದ್ದರೆ, "ಇದೇನು ನಿಮ್ಮ ತಾತನಿಗೆ ಉಂಬಳಿ ಬಿಟ್ಟ ಜಾಗವೇ?" ಎಂದು ಗದರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹಳೆಯ ಪತ್ರಗಳಲ್ಲಿ ಉಂಬಳಿ ಇದೆ. ಕಲ್ಲಿನ ಶಾಸನಗಳಲ್ಲಿದೆ. ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲೂ ಇದೆ.

ಉಂಬಳಿ ಎಂದರೆ ಏನು? ತೆರಿಗೆಯಿಲ್ಲದೆ, ಅಥವಾ ಹೆಸರಿಗೆ ಮಾತ್ರ ಒಂದಿಷ್ಟು ತೆರಿಗೆ ಇಟ್ಟು, ಅರಸ ಒಬ್ಬನಿಗೆ ಬಿಟ್ಟುಕೊಟ್ಟ ಭೂಮಿ. ಅದು ಒಂದು ತುಂಡು ಗದ್ದೆ ಇರಬಹುದು. ಒಂದು ಊರು ಇರಬಹುದು. ಹನ್ನೆರಡು ಊರು ಇರಬಹುದು. ಎಲ್ಲಕ್ಕೂ ಉಂಬಳಿ ಎಂದೇ ಹೆಸರು.

ನಿಘಂಟು ತೆಗೆದರೆ ಇಷ್ಟು ಅರ್ಥ ಸಿಗುತ್ತದೆ. ಆದರೆ ಪದ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಉಂಬಳಿಯ ಮೊದಲ ಭಾಗವನ್ನು ಕಿವಿಗೊಟ್ಟು ಕೇಳಿ. ಉಂಬ. ಉಣ್ಣುವ ಎಂಬುದರ ಹಳೆಯ ರೂಪ ಅದು. ಉಣ್ ಎಂಬ ಧಾತು. ಊಟ ಹುಟ್ಟಿದ್ದೂ ಅಲ್ಲಿಂದಲೇ. ತಮಿಳಿನಲ್ಲಿ ಉಂಬಳಂ, ಉಂಬಳಿಕ್ಕೈ ಎನ್ನುತ್ತಾರೆ. ತೆಲುಗಿನಲ್ಲಿಯೂ ಉಂಬಳಿ ಇದೆ. ಎಲ್ಲ ಕಡೆಯೂ ಅರ್ಥ ಒಂದೇ: ಸೇವೆಗಾಗಿ ಬಿಟ್ಟ, ಉಣ್ಣಲು ಬಿಟ್ಟ ಭೂಮಿ.

ಗಮನಿಸಿ. ಆಳಲು ಬಿಟ್ಟದ್ದು ಎಂದು ಪದ ಹೇಳುವುದಿಲ್ಲ. ಮಾರಲು ಬಿಟ್ಟದ್ದು ಎಂದೂ ಹೇಳುವುದಿಲ್ಲ. ಉಣ್ಣಲು ಬಿಟ್ಟದ್ದು ಎನ್ನುತ್ತದೆ. ನನ್ನ ಇವತ್ತಿನ ಮಾತೆಲ್ಲ ಈ ಒಂದು ಎಳೆಯ ಮೇಲೆಯೇ ನಡೆಯುತ್ತದೆ. ನೆಲದ ಒಡೆತನ ಬೇರೆ, ನೆಲದ ಊಟ ಬೇರೆ. ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು. ಆಮೇಲೆ ಬಂದವರು ಅದನ್ನು ಕಲಸಿಬಿಟ್ಟರು. ಆ ಕಲಸುಮೇಲೋಗರವನ್ನು ಬಿಡಿಸಲು ದಶಕಗಳ ಕಾಲ ಕಾನೂನಿನ ಮೇಲೆ ಕಾನೂನು ಮಾಡಬೇಕಾಯಿತು.

ಸರಿ, ಉಂಬಳಿ ಎಂದರೆ ಉಣ್ಣಲು ಬಿಟ್ಟ ಭೂಮಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳಿ. ಈಗ ಏನನ್ನು ಉಣ್ಣುತ್ತಿದ್ದರು ಎಂದು ನೋಡೋಣ.

ಒಂದು ಊರು. ಅಲ್ಲಿ ಒಕ್ಕಲು ಮಕ್ಕಳು ಉತ್ತು ಬಿತ್ತಿ ಬೆಳೆಯುತ್ತಾರೆ. ಬೆಳೆದದ್ದರಲ್ಲಿ ಅರಸನಿಗೆ ಒಂದು ಪಾಲು. ಧರ್ಮಶಾಸ್ತ್ರದ ಲೆಕ್ಕದಲ್ಲಿ ಅದು ಆರರಲ್ಲಿ ಒಂದು. ನಡವಳಿಕೆಯಲ್ಲಿ ಇದಕ್ಕಿಂತ ಹೆಚ್ಚೂ ಇತ್ತು, ಕಡಿಮೆಯೂ ಇತ್ತು. ಇದರ ಜೊತೆಗೆ ಸಣ್ಣಪುಟ್ಟ ತೆರಿಗೆಗಳು. ಗಾಣಕ್ಕೆ, ಮಗ್ಗಕ್ಕೆ, ಸಂತೆಗೆ, ಕೆಲವು ಕಡೆ ಮದುವೆಗೂ. ಇವೆಲ್ಲ ಸೇರಿ ಅರಮನೆಗೆ ಹೋಗಬೇಕು. ಅರಸನಿಗೆ ಒಬ್ಬ ಸೇನಾಳು ಬೇಕು. ಅವನಿಗೆ ತಿಂಗಳ ಸಂಬಳ ಎಣಿಸಿಕೊಡುವಷ್ಟು ನಾಣ್ಯ ಭಂಡಾರದಲ್ಲಿ ಇಲ್ಲ. ಇದ್ದರೂ ನೂರು ಮೈಲಿ ದೂರಕ್ಕೆ ಹೊತ್ತುಕೊಂಡು ಹೋಗಬೇಕು. ಅದರ ಬದಲು ಅರಸ ಹೇಳುತ್ತಾನೆ: ಆ ಊರಿಂದ ನನಗೆ ಬರಬೇಕಾದ ಪಾಲನ್ನು ಇನ್ನು ಮುಂದೆ ನೀನು ತೆಗೆದುಕೋ. ಇದೇ ಉಂಬಳಿ. ಹಸು ಒಕ್ಕಲಿನ ಕೊಟ್ಟಿಗೆಯಲ್ಲೇ ಇರುತ್ತದೆ. ಅರಮನೆಗೆ ಹೋಗುತ್ತಿದ್ದ ಹಾಲು ಇನ್ನೊಂದು ಮನೆಗೆ ಹೋಗುತ್ತದೆ, ಅಷ್ಟೆ.

ಹಾಗಾದರೆ ನೆಲವನ್ನೇ ಕೊಟ್ಟದ್ದು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ದಾನ ಕೊಡುವವರು ಮೊದಲು ಹೊಲದವರಿಗೆ ಹಣ ಕೊಟ್ಟು ನೆಲವನ್ನು ಕೊಂಡು, ಆಮೇಲೆ ಅದನ್ನು ದೇವರಿಗೆ ಬಿಟ್ಟ ಶಾಸನಗಳು ಇವೆ. ಆದರೆ ಆ ಶಾಸನಗಳೇ ನನ್ನ ಮಾತಿಗೆ ಬೆಂಬಲ. ನೆಲವೆಲ್ಲ ದೊರೆಯದೇ ಆಗಿದ್ದರೆ ಕೊಳ್ಳುವ ಗೋಜು ಏಕೆ?

ವಿಜಯನಗರ ಕಾಲದ ದಾನಪತ್ರಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಅಷ್ಟಭೋಗ ತೇಜಸ್ವಾಮ್ಯ. ಭೋಗ ಎಂದರೂ ಉಣ್ಣುವುದೇ. ಭುಜ್ ಎಂಬ ಸಂಸ್ಕೃತ ಧಾತುವಿಗೆ ತಿನ್ನು, ಅನುಭವಿಸು ಎಂಬ ಎರಡೂ ಅರ್ಥ. ಭೋಜನವೂ ಅಲ್ಲಿಂದ, ಭೋಗವೂ ಅಲ್ಲಿಂದ. ಅಷ್ಟಭೋಗ ಎಂದರೆ ಎಂಟು ಬಗೆಯ ಅನುಭವ. ಆ ಎಂಟು ಯಾವುವು? ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಬಿಡಿಸಿ ಹೇಳುತ್ತೇನೆ. ನೆಲದಲ್ಲಿ ಹೂತ ಹಣ ಸಿಕ್ಕಿದರೆ ಅದು ನಿನ್ನದು. ಯಾರೋ ಬಚ್ಚಿಟ್ಟ ಒಡವೆ ನಿನ್ನದು. ಕೆರೆ ಬಾವಿಯ ನೀರು ನಿನ್ನದು. ಬಂಡೆ ಕಲ್ಲು ನಿನ್ನದು. ವರ್ಷವರ್ಷವೂ ಕುಂದದೆ ಬರುವ ಆದಾಯ ನಿನ್ನದು. ಮುಂದೆ ಬರುವುದು ನಿನ್ನದು. ಈಗಾಗಲೇ ಸಾಗುವಳಿಯಾಗಿ ಕೈಗೆ ಬಂದದ್ದು ನಿನ್ನದು. ಇನ್ನು ಪಾಳುಬಿದ್ದ ನೆಲವನ್ನು ಹಸನು ಮಾಡಿ ಪಡೆಯಬಹುದಾದದ್ದೂ ನಿನ್ನದು.

ಎಷ್ಟು ಎಚ್ಚರದ ಪಟ್ಟಿ ನೋಡಿ. ಇದನ್ನು ಬರೆದ ಸೇನಬೋವನಿಗೆ ಮುಂದೆ ಬರುವ ತಕರಾರುಗಳೆಲ್ಲ ಮೊದಲೇ ಕಂಡಿದ್ದವು. ಇಷ್ಟಾದರೂ ಪಟ್ಟಿಯ ತುಂಬ ಇರುವುದು ಅನುಭವದ ಲೆಕ್ಕವೇ. ಉಳುವವನನ್ನು ಎಬ್ಬಿಸಿ ಕಳಿಸುವ ಮಾತು ಅದರಲ್ಲಿ ಇಲ್ಲ.

ಇಲ್ಲಿಯವರೆಗೆ ಎರಡು ಮಾತು ಹೇಳಿದೆ. ಉಂಬಳಿ ಎಂದರೆ ಉಣ್ಣಲು ಬಿಟ್ಟದ್ದು. ಉಣ್ಣುತ್ತಿದ್ದದ್ದು ಅರಸನ ಪಾಲನ್ನು. ಈಗ ಮೂರನೆಯದು. ಈ ಊಟ ಯಾರಿಗೆ ಸಿಗುತ್ತಿತ್ತು, ಯಾವ ಕೆಲಸಕ್ಕೆ ಸಿಗುತ್ತಿತ್ತು? ಇಲ್ಲಿ ಕನ್ನಡದ ಸಂಪತ್ತು ತೆರೆದುಕೊಳ್ಳುತ್ತದೆ.

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹೆಸರು ಕೇಳದ ಕನ್ನಡಿಗರಿಲ್ಲ. ಕ್ರಿ.ಶ. 450ರ ಸುಮಾರಿನದು. ಕನ್ನಡದ ಹಳೆಯ ಶಾಸನ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದರಲ್ಲಿ ಇರುವ ಸಂಗತಿ ಏನು? ವಿಜ ಅರಸ ಎಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟದ್ದು. ಕೊಟ್ಟದ್ದಕ್ಕೆ ಅಲ್ಲಿ ಬಳಸಿರುವ ಪದ ಬಾಳ್ಗಳ್ಚು. ಬಾಳ್ ಎಂದರೆ ಕತ್ತಿ. ಗಳ್ಚು ಎಂದರೆ ತೊಳೆಯುವುದು. ಯುದ್ಧ ಮುಗಿದ ಮೇಲೆ ಕತ್ತಿಯನ್ನು ತೊಳೆದು ಕೊಡುವ ದಾನ. ಅಂದರೆ ನಮ್ಮ ಕನ್ನಡದ ಹಳೆಯ ದಾಖಲೆಯೇ ಒಂದು ಉಂಬಳಿಯ ಪತ್ರ. ನಮ್ಮ ನುಡಿ ಕಲ್ಲಿಗೆ ಏರಿದ್ದು ಕವಿತೆಯಾಗಿ ಅಲ್ಲ, ಜಮೀನಿನ ಕಾಗದವಾಗಿ. ನನಗೆ ಇದರಲ್ಲಿ ನಾಚಿಕೆಯೇನೂ ಕಾಣುವುದಿಲ್ಲ.

ಕತ್ತಿ ತೊಳೆದವನಿಗೆ ಬಾಳ್ಗಳ್ಚು. ಹಾಗಾದರೆ ತೊಳೆಯಲು ಬದುಕಿ ಉಳಿಯದವನಿಗೆ? ಅವನ ಮನೆಯವರಿಗೆ ನೆತ್ತರುಗೊಡಗೆ. ಹೆಸರಿನಲ್ಲೇ ರಕ್ತ ಇದೆ. ಕಲ್ಲು ನಿಲ್ಲಿಸಿ ಕೊಟ್ಟ ನಾಡಿಗೆ ಕಲ್ನಾಡು ಎಂದರು. ಬೆಂಗಳೂರಿನ ಹತ್ತಿರದ ಬೇಗೂರಿನಲ್ಲಿ ಒಂದು ದೊಡ್ಡ ವೀರಗಲ್ಲು ಸಿಕ್ಕಿತ್ತು. ಸಾವಿರದ ನೂರು ವರ್ಷಕ್ಕೂ ಹಳೆಯದು. ಗಂಗರ ಎರೆಯಪ್ಪನ ಕಾಲ. ನಾಗತ್ತರ ಎಂಬ ಸೇನಾಳು ತುಂಬೆಪಾಡಿಯ ಕಾಳಗದಲ್ಲಿ ಸತ್ತ. ಎರೆಯಪ್ಪ ಇರುಗ ಎಂಬುವನಿಗೆ ಆ ನಾಗತ್ತರ ಪಟ್ಟವನ್ನು ಕಟ್ಟಿದ. ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಆ ಬೆಂಪೂರೇ ಈಗಿನ ಬೇಗೂರು. ಚದರ ಅಡಿಗೆ ಇಂತಿಷ್ಟು ಎಂದು ಇವತ್ತು ಮಾರಾಟವಾಗುವ ಆ ನೆಲ ಒಂದು ಕಾಲಕ್ಕೆ ಒಂದು ಸಾವಿಗೆ ಕೊಟ್ಟ ಬೆಲೆಯಾಗಿತ್ತು.

ಇನ್ನೊಂದು ಕಲ್ಲಿನ ಬಗ್ಗೆ ನಿಧಾನವಾಗಿ ಹೇಳುತ್ತೇನೆ. ಅದು ಮದ್ದೂರು ತಾಲ್ಲೂಕಿನ ಆತಕೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 950ರ ಸುಮಾರು. ನೀವು ಅದರ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಚಪ್ಪಡಿಯಂಥ ಕಲ್ಲು. ಅದರ ಮೇಲ್ಭಾಗದಲ್ಲಿ ಎರಡು ಪ್ರಾಣಿಗಳು. ಒಂದು ನಾಯಿ, ಒಂದು ಹಂದಿ. ಮೈಮೇಲೆ ಬಿದ್ದು ಕಾದುತ್ತಿವೆ. ಸುತ್ತಲೂ ಹಳಗನ್ನಡದ ಅಕ್ಷರಗಳು.

ಕಥೆ ಹೀಗೆ. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಭಾರಿ ಯುದ್ಧ ನಡೆಯಿತು. ರಾಷ್ಟ್ರಕೂಟರ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳನ್ನೇ ಕೊಟ್ಟ. ಬೂತುಗನ ಬಂಟ ಮಣಲೆರ. ಬೂತುಗ ಅವನಿಗೆ, ಮೆಚ್ಚಿದೆ, ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆ ಕೆರೆಯ ಕೆಳಗೆ ಎರಡು ಖಂಡುಗ ನೆಲ ಬಿಟ್ಟರು.

ಶಾಸನದಲ್ಲಿ ಒಂದು ಎಚ್ಚರಿಕೆ ಇದೆ. ಪೂಜೆ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ. ಪೂಜಿಸದೆ ಉಂಡರೆ! ಉಂಬಳಿಯ ಷರತ್ತು ಇಷ್ಟು ಚೊಕ್ಕವಾಗಿ ಬೇರೆಲ್ಲೂ ನನಗೆ ಕಂಡಿಲ್ಲ. ಕೆಲಸ ಮಾಡು, ಉಣ್ಣು. ಕೆಲಸ ಬಿಟ್ಟರೆ ಆ ಅನ್ನ ಪಾಪದ ಅನ್ನ. ಅಂದಹಾಗೆ, ಮಣಲೆರನಿಗೆ ಕೊನೆಗೆ ಊರುಗಳೂ ಸಿಕ್ಕವು. ಆತಕೂರು ಹನ್ನೆರಡನ್ನು ಬೂತುಗ ಅವನಿಗೆ ಬಾಳ್ಗಚ್ಚಾಗಿ ಕೊಟ್ಟ. ಅದೇ ಹಲ್ಮಿಡಿಯ ಪದ, 500 ವರ್ಷ ಆದಮೇಲೆ.

ಸೈನಿಕರು ಮಾತ್ರವೇ? ಅಲ್ಲ. ಕೆರೆ ಕಟ್ಟಿದವನಿಗೆ, ಕೆರೆ ಕಾಯುವವನಿಗೆ ಕಟ್ಟುಕೊಡಗೆ, ಕೆರೆಗೊಡಗೆ. ವಿದ್ವಾಂಸರಿಗೆ ಅಗ್ರಹಾರ, ಬ್ರಹ್ಮದೇಯ. ಗುಡಿಗೆ ದೇವದಾಯ. ಬಸದಿಗೆ ಬಿಟ್ಟ ನೆಲದ ಗಡಿಯಲ್ಲಿ ಮುಕ್ಕೊಡೆಯ ಕಲ್ಲು. ಬ್ರಾಹ್ಮಣರಿಗೆ ಬಿಟ್ಟ ನೆಲದ ಗಡಿಯಲ್ಲಿ ಕೊಡೆ ಹಿಡಿದ ವಾಮನನ ಕಲ್ಲು. ಶಿವನ ಗುಡಿಗೆ ಬಿಟ್ಟದ್ದಾದರೆ ಲಿಂಗಮುದ್ರೆಯ ಕಲ್ಲು. ಓದು ಬರದವನಿಗೂ ಕಲ್ಲು ನೋಡಿದರೆ ತಿಳಿಯುತ್ತಿತ್ತು, ಈ ಹೊಲದ ಪಾಲು ಯಾರ ಮನೆಗೆ ಹೋಗುತ್ತದೆ ಎಂದು.

ಕವಿಗಳಿಗೂ ಇತ್ತು. ಆದಿಕವಿ ಪಂಪನಿಗೆ ಅರಿಕೇಸರಿ ಧರ್ಮಪುರ ಎಂಬ ಅಗ್ರಹಾರ ಕೊಟ್ಟ. ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಕವಿಯೇ ಈ ಸಂಗತಿ ಹೇಳಿಕೊಂಡಿದ್ದಾನೆ. ಈಗಿನ ಸಾಹಿತಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಇರಲಿ.

ಇಷ್ಟು ಕೇಳಿದಿರಿ. ಕತ್ತಿಗೆ, ನೆತ್ತರಿಗೆ, ಕೆರೆಗೆ, ಪೂಜೆಗೆ, ಕಾವ್ಯಕ್ಕೆ, ಕೊನೆಗೆ ಒಂದು ನಾಯಿಯ ಕಲ್ಲಿಗೂ ಉಂಬಳಿ. ಪ್ರತಿಯೊಂದರ ಹಿಂದೆಯೂ ಒಂದು ಕೆಲಸ, ಒಂದು ಷರತ್ತು. ಈಗ ಮುಂದಿನ ಮಾತು. ಹೊಸ ಅರಸರು ಬಂದರು, ಹೊಸ ಭಾಷೆಗಳು ಬಂದವು. ಉಂಬಳಿಯ ಪಕ್ಕದಲ್ಲಿ ಹೊಸ ಪದಗಳು ಬಂದು ಕೂತವು.

ಇನಾಂ ಬಂತು. ಅರಬ್ಬಿ ಪದ, ಬಹುಮಾನ ಎಂದರ್ಥ. ಜಹಗೀರು ಬಂತು. ಪಾರಸಿ ಪದ. ಜಾ ಎಂದರೆ ಜಾಗ, ಗೀರ್ ಎಂದರೆ ಹಿಡಿದವನು. ವತನ ಬಂತು. ಅದೂ ಅರಬ್ಬಿ. ತಾಯ್ನಾಡು, ಹುಟ್ಟಿದ ನೆಲ ಎಂದರ್ಥ. ಉತ್ತರ ಕರ್ನಾಟಕದ ದೇಸಾಯರು, ದೇಶಪಾಂಡೆಯರು, ನಾಡಗೌಡರು ವತನದಾರರು. ಮೈಸೂರು ಕಡೆ ಜೋಡಿ ಎಂಬ ಪದ ರೂಢಿಗೆ ಬಂತು. ಪೂರ್ತಿ ಕಂದಾಯದ ಬದಲು ಹಗುರವಾದ ಒಂದು ಮೊತ್ತ ಕಟ್ಟಿದರಾಯಿತು, ಅದು ಜೋಡಿ. ಏನೂ ಕಟ್ಟುವ ಹಾಗಿಲ್ಲದಿದ್ದರೆ ಸರ್ವಮಾನ್ಯ. ನಮ್ಮ ಕೆಲವು ಹಳ್ಳಿಗಳ ಹೆಸರಿನ ಮುಂದೆ ಇವತ್ತಿಗೂ ಜೋಡಿ, ಇನಾಂ ಎಂದು ಅಂಟಿಕೊಂಡಿರುವುದು ಇದರಿಂದ. ಅಗ್ರಹಾರವಂತೂ ಬೆಂಗಳೂರಿನ ಸುತ್ತ ಬೇಕಾದಷ್ಟು. ಪರಪ್ಪನ ಅಗ್ರಹಾರ ಎಂದರೆ ಈಗ ಜನರಿಗೆ ನೆನಪಾಗುವುದು ಜೈಲು. ಅಲ್ಲಿಯೂ ಸರ್ಕಾರದ ಖರ್ಚಿನ ಊಟವೇ, ಬಿಡಿ.

ಪದಗಳು ಬದಲಾದಾಗ ಅರ್ಥದ ತೂಕವೂ ಸ್ವಲ್ಪ ಬದಲಾಯಿತು. ಉಂಬಳಿ ಉಣ್ಣುವುದನ್ನು ಹೇಳುತ್ತಿತ್ತು. ಜಹಗೀರು ಹಿಡಿಯುವುದನ್ನು ಹೇಳುತ್ತದೆ. ಆದರೂ ಮೊಗಲರ ಪದ್ಧತಿಯಲ್ಲಿ ಜಹಗೀರು ಕಾಯಂ ಆಗಿರಲಿಲ್ಲ. ಮೂರು ನಾಲ್ಕು ವರ್ಷಕ್ಕೆ ಜಹಗೀರುದಾರನನ್ನು ಎತ್ತಿ ಬೇರೆ ಕಡೆ ಹಾಕುತ್ತಿದ್ದರು. ಬೇರು ಬಿಡಬಾರದು ಎಂಬ ಎಚ್ಚರ. ನಮ್ಮ ಕಡೆ ಬಂದಾಗ ಅದು ಬೇರು ಬಿಟ್ಟಿತು. ಒಂದು ಉದಾಹರಣೆ ಯಳಂದೂರು. 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ಕೊಟ್ಟರು. ಸುಮಾರು 100 ಚದರ ಮೈಲಿ. ಇಂದಿಗೂ ಯಳಂದೂರು ರಾಜ್ಯದ ತೀರ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಜಹಗೀರು ಹೋಯಿತು, ಅದರ ಅಳತೆ ಮಾತ್ರ ಉಳಿಯಿತು. ಹೈದರಾಬಾದು ಸಂಸ್ಥಾನದಲ್ಲಿ ಸಂಗತಿ ಇನ್ನೂ ದೊಡ್ಡದು. ಕಲಬುರಗಿ, ಬೀದರ್, ರಾಯಚೂರು ಆಗ ಅದರೊಳಗೆ ಇದ್ದವು. ಇಡೀ ಸಂಸ್ಥಾನದ ನೆಲದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜಹಗೀರು. ಅದಲ್ಲದೆ ನಿಜಾಮನ ಸ್ವಂತ ಖರ್ಚಿಗೆ ಸರ್ಫೆ ಖಾಸ್ ಎಂದು ಸುಮಾರು ಹತ್ತರಲ್ಲಿ ಒಂದು ಪಾಲು. ಅಲ್ಲಿಯ ರೈತನಿಗೆ ಸರ್ಕಾರ ಎಂದರೆ ಜಹಗೀರುದಾರನೇ.

ಹಳೆಯ ಪದ ಸದ್ದಿಲ್ಲದೆ ಉಳಿದದ್ದು ಕೊಡಗಿನಲ್ಲಿ. ಅಲ್ಲಿ ಜಮೀನಿನ ಹಕ್ಕುಗಳ ಪಟ್ಟಿಯೇ ಬೇರೆ. ಜಮ್ಮ, ಸಾಗು, ಜೋಡಿ, ಉಂಬಳಿ. ಜಮ್ಮ ಎಂದರೆ ಜನ್ಮಕ್ಕೆ ಬಂದದ್ದು. ಒಕ್ಕದ, ಅಂದರೆ ಮನೆತನದ ಆಸ್ತಿ. ಕರೆದಾಗ ಅರಸನ ದಂಡಿಗೆ ಹೋಗಬೇಕೆಂಬ ಕಟ್ಟಳೆಯ ಮೇಲೆ ಬಿಟ್ಟದ್ದು. ಅದಕ್ಕೇ ಕಂದಾಯವೂ ಹಗುರ. ಬ್ರಿಟಿಷರ ಕಾಲದಲ್ಲಿ ಸಾಗು ಜಮೀನಿಗೆ, ಭಟ್ಟಿ ಎಂಬ ಅಳತೆಯಲ್ಲಿ, 100 ಭಟ್ಟಿಗೆ 10 ರೂಪಾಯಿ ಇದ್ದರೆ ಜಮ್ಮಕ್ಕೆ 5 ರೂಪಾಯಿ. ಗದ್ದೆಯ ಜೊತೆಗೆ ಸೊಪ್ಪು ಸೌದೆಗೆಂದು ಬಾಣೆ. ಇದರ ಪಕ್ಕದಲ್ಲಿಯೇ, ಕೊಡಗನ್ನು ಆಳಿದ ಹಾಲೇರಿ ಅರಸರು ಸೇವೆಗೆ ಮೆಚ್ಚಿ ಬಿಟ್ಟ ಜಮೀನನ್ನು ಕಡತಗಳಲ್ಲಿ ಉಂಬಳಿ ಎಂದೇ ಬರೆಯುತ್ತಿದ್ದರು. ಪಾರಸಿ ಪದಗಳ ನಡುವೆ ಈ ಹಳಗನ್ನಡದ ಪದ ಕೊಡಗಿನ ಲೆಕ್ಕದ ಪುಸ್ತಕದಲ್ಲಿ ಹಾಗೇ ಕೂತಿತ್ತು.

ಹೆಸರು ಯಾವುದೇ ಇರಲಿ, ಉಂಬಳಿ, ಇನಾಂ, ಜಹಗೀರು, ವತನ, ಒಳಗಿನ ವ್ಯವಹಾರ ಹೆಚ್ಚುಕಡಿಮೆ ಒಂದೇ. ಅದು ಕೆಟ್ಟದ್ದು ಯಾವಾಗ? ಈಗ ಆ ಮಾತಿಗೆ ಬರೋಣ.

ಕೆಟ್ಟದ್ದು ಎರಡು ದಾರಿಯಲ್ಲಿ. ಮೊದಲನೆಯದು ನಮ್ಮದೇ. ಷರತ್ತು ಮರೆತುಹೋಯಿತು. ತಾತ ಕತ್ತಿ ಹಿಡಿದು ಪಡೆದ ಉಂಬಳಿಯನ್ನು ಮೊಮ್ಮಗ ಎಲೆ ಅಡಿಕೆ ಮೆಲ್ಲುತ್ತ ಉಂಡ. ಕೆಲಸ ಹೋಯಿತು, ಊಟ ಉಳಿಯಿತು. ದಾನವನ್ನು ಯಾರೂ ಮುಟ್ಟಬಾರದು ಎಂದು ಶಾಸನಗಳು ಶಾಪ ಹಾಕುತ್ತವೆ. ಕಿತ್ತುಕೊಂಡವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎನ್ನುತ್ತವೆ. ಸೂರ್ಯ ಚಂದ್ರರಿರುವವರೆಗೆ ನಡೆಯಲಿ ಎಂದು ಕಲ್ಲಿನ ತಲೆಯಲ್ಲಿ ಸೂರ್ಯ ಚಂದ್ರರನ್ನೇ ಕೆತ್ತುತ್ತಾರೆ. ಕಿತ್ತುಕೊಳ್ಳುವವನಿಗೆ ಇಷ್ಟೊಂದು ಶಾಪ. ಕೆಲಸ ಮಾಡದೆ ಉಣ್ಣುವವನಿಗೆ ಶಾಪ ಹಾಕಿದ ಆತಕೂರಿನ ನಾಯಿಯ ಕಲ್ಲಿನಂಥವು ಕಡಿಮೆ.

ಎರಡನೆಯದು ಬ್ರಿಟಿಷರ ಕಾಗದ. ಅವರಿಗೆ ಕಂದಾಯ ಬೇಕು. ಕಂದಾಯ ಕಟ್ಟದ ಜಮೀನು ಕಂಡರೆ ಅವರಿಗೆ ಸಂಕಟ. ನಿನ್ನ ಸನದು, ಅಂದರೆ ದಾನಪತ್ರ, ತೋರಿಸು ಎಂದರು. ಮುಂಬಯಿ ಪ್ರಾಂತದಲ್ಲಿ ಇನಾಂ ಕಮಿಷನ್ ಕೂತಿತು. 1852ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಧಾರವಾಡ, ಬೆಳಗಾವಿ ಸೀಮೆಯೆಲ್ಲ ತಲ್ಲಣಿಸಿತು. ಎಷ್ಟೋ ಮನೆಗಳಲ್ಲಿ ತಾಮ್ರಪಟ ಇರಲಿಲ್ಲ. ಇದ್ದ ಕಾಗದವನ್ನು ಗೆದ್ದಲು ತಿಂದಿತ್ತು. ಸಾವಿರಾರು ಇನಾಮುಗಳು ಹೋದವು. ನರಗುಂದದ ಅರಸ ಬಾಬಾಸಾಹೇಬನ ಬಂಡಾಯ ನಿಮಗೆ ಗೊತ್ತು. 1858ರ ಮೇ ತಿಂಗಳು. ದತ್ತಕಕ್ಕೆ ಒಪ್ಪಿಗೆ ಕೊಡಲಿಲ್ಲ ಎಂಬ ಸಿಟ್ಟು ಇತ್ತು. ಆಯುಧ ಕಿತ್ತುಕೊಂಡರು ಎಂಬ ಸಿಟ್ಟೂ ಇತ್ತು. ಸುರೇಬಾನದಲ್ಲಿ ಅವನು ಕೊಂದ ಮ್ಯಾನ್ಸನ್ ಎಂಬ ಅಧಿಕಾರಿ ಮೊದಲು ಯಾವ ಕೆಲಸದಲ್ಲಿದ್ದ ಎಂದು ಎಲ್ಲರೂ ಹೇಳುವುದಿಲ್ಲ. ಅವನು ಇನಾಂ ಕಮಿಷನ್ನಿನ ಕೆಲಸ ಮಾಡಿದವನು. ಆ ಸೀಮೆಯ ಜಹಗೀರುದಾರರಿಗೆ ಅವನ ಮುಖ ಮೊದಲೇ ಪರಿಚಯ.

ಇದು ಕಳೆದುಕೊಂಡವರ ಕಥೆ. ಉಳಿಸಿಕೊಂಡವರ ಕಥೆ ಏನು? 1860ರ ದಶಕದಲ್ಲಿ ಮೈಸೂರಿನಲ್ಲೂ ಇನಾಂ ವಿಚಾರಣೆ ನಡೆಯಿತು. ಸನದು ಸರಿಯಿದ್ದವರಿಗೆ ಹೊಸ ಹಕ್ಕುಪತ್ರ ಸಿಕ್ಕಿತು. ಇಲ್ಲಿಯೇ ನೋಡಿ ಗಂಟು ಬಿದ್ದದ್ದು. ಅರಸನ ಪಾಲನ್ನು ಉಣ್ಣುತ್ತಿದ್ದವನು ಕಾಗದದಲ್ಲಿ ಜಮೀನಿನ ಯಜಮಾನನಾಗಿ ಕಾಣಿಸಿಕೊಂಡ. ತಲೆಮಾರುಗಳಿಂದ ಅಲ್ಲೇ ಉಳುತ್ತಿದ್ದವನು ಅದೇ ಕಾಗದದಲ್ಲಿ ಗೇಣಿದಾರನಾದ. ಉಂಡವನು ಒಡೆಯ, ಉತ್ತವನು ಬಾಡಿಗೆಯವನು. ಹೊಲದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಎತ್ತು, ಅದೇ ನೇಗಿಲು. ಆದರೆ ಕೋರ್ಟಿಗೆ ಹೋದರೆ ಗೆಲ್ಲುವವನು ಯಾರು ಎಂಬುದು ಬದಲಾಗಿತ್ತು.

ಹೀಗೆ ಉಣ್ಣುವ ಹಕ್ಕು ಒಡೆತನವಾಗಿ ತಿರುಗಿತು. ಅದನ್ನು ಮತ್ತೆ ಹೇಗೆ ತಿರುಗಿಸಿದರು? ಅದು ನನ್ನ ಕೊನೆಯ ಭಾಗ.

1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ಮರುವರ್ಷವೇ ಅಲ್ಲಿ ಜಹಗೀರು ರದ್ದು. ಮೈಸೂರಿನಲ್ಲಿ 1954ರಲ್ಲಿ ವೈಯಕ್ತಿಕ ಇನಾಮುಗಳನ್ನು, 1955ರಲ್ಲಿ ಧಾರ್ಮಿಕ ಇನಾಮುಗಳನ್ನು ರದ್ದುಮಾಡುವ ಕಾಯ್ದೆಗಳು ಬಂದವು. ಎಲ್ಲ ಊರಿಗೂ ಜಾರಿಯಾಗಲು ವರ್ಷಗಳೇ ಹಿಡಿದವು. ಆ ಕಾಯ್ದೆಗಳಲ್ಲಿ ಒಂದು ಪದ ಇದೆ. ಕದೀಮ್ ಗೇಣಿದಾರ. ಕದೀಮ್ ಎಂದರೆ ಹಳೆಯ, ಪುರಾತನ. ಇನಾಂ ಬರುವುದಕ್ಕೆ ಮೊದಲೇ ನೆಲದ ಮೇಲೆ ಇದ್ದವನು ಎಂಬ ಭಾವ. ಉಳುಮೆ ಹಳೆಯದು, ಊಟ ಆಮೇಲಿನದು ಎಂದು ಕಾನೂನೇ ಒಪ್ಪಿಕೊಂಡಂತಾಯಿತು. ಖದೀಮ ಕಳ್ಳ ಎನ್ನುತ್ತೇವಲ್ಲ, ಅದೂ ಇದೇ ಪದ. ಪಳಗಿದ ಹಳೆಯ ಕಳ್ಳ. ಒಂದೇ ಪದ ಒಂದು ಕಡೆ ರೈತನಿಗೆ ಹಕ್ಕು ಕೊಟ್ಟಿತು, ಇನ್ನೊಂದು ಕಡೆ ಕಳ್ಳನಿಗೆ ಬಿರುದು ಕೊಟ್ಟಿತು.

ಇನಾಂ ಹೋದರೂ ಗೇಣಿ ಹೋಗಲಿಲ್ಲ. ಅದರ ವಿರುದ್ಧದ ಕೂಗು ಇನಾಂ ರದ್ದಾಗುವ ಮೊದಲೇ ಎದ್ದಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು, ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತು ಎಂದು. ಉಣ್ಣುವವನ ಅಳತೆ ಬೆಳೆಯುತ್ತ ಹೋದರೆ ಉಳುವವನಿಗೆ ಉಳಿಯುವುದೇನು? ಆಮೇಲೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆತನ ಪಡೆಯಬೇಕಿತ್ತು. ಕರಾವಳಿಯ ಕೇಳುಗರಿಗೆ ಡಿಕ್ಲರೇಶನ್ ಎಂಬ ಪದ ಚೆನ್ನಾಗಿ ಗೊತ್ತು. ಡಿಕ್ಲರೇಶನ್ ಹಾಕಿದರು, ಡಿಕ್ಲರೇಶನ್‌ನಲ್ಲಿ ಹೋಯಿತು, ಡಿಕ್ಲರೇಶನ್‌ನಲ್ಲಿ ಬಂತು. ಹೋದ ಮನೆಯಲ್ಲೂ ಅದೇ ಮಾತು, ಬಂದ ಮನೆಯಲ್ಲೂ ಅದೇ ಮಾತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ನಾವು ರಾಜಕೀಯದ ಮಾತು ಎಂದುಕೊಂಡಿದ್ದೇವೆ. ಉಂಬಳಿ ಎಂಬ ಪದಕ್ಕೆ ಸಿಕ್ಕ ನೇರ ಉತ್ತರ ಅದು.

ಒಂದು ಸಂಗತಿ ಬಾಕಿ ಇದೆ. ಉಂಬಳಿ ಉಂಡವರೆಲ್ಲ ಕೂತು ಉಂಡವರಲ್ಲ. ಊರಿನ ತೋಟಿ, ತಳವಾರ, ನೀರಗಂಟಿ. ಇವರಿಗೂ ಮಾನ್ಯದ ಹೊಲ ಇತ್ತು. ಒಂದು ಎಕರೆ, ಎರಡು ಎಕರೆ. ನೀರಗಂಟಿ ರಾತ್ರಿ ಎದ್ದು ತೂಬು ಎತ್ತಬೇಕು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸಬೇಕು. ತೋಟಿ ಊರಿನ ಸುದ್ದಿ ಹೊತ್ತು ಓಡಬೇಕು, ಸಾವಿನ ಕೆಲಸಕ್ಕೆ ನಿಲ್ಲಬೇಕು. ಇವರು ತಮ್ಮ ತುಂಡು ಹೊಲವನ್ನು ತಾವೇ ಉಳುತ್ತಿದ್ದರು. ಇವರಲ್ಲಿ ಅನೇಕರು ದಲಿತರು. ಉತ್ತವರೂ ಇವರೇ, ಉಂಡವರೂ ಇವರೇ. ದೊಡ್ಡ ಉಂಬಳಿಗಳು ಷರತ್ತು ಮರೆತವು ಎಂದೆನಲ್ಲ. ಈ ಚಿಕ್ಕ ಉಂಬಳಿಗಳಿಗೆ ಮರೆಯುವ ಅವಕಾಶವೇ ಇರಲಿಲ್ಲ. ಒಂದು ದಿನ ಕೆಲಸ ತಪ್ಪಿದರೆ ಊರು ಕೇಳುತ್ತಿತ್ತು.

1961ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆಯಿತು. 1963ರಲ್ಲಿ ಜಾರಿಗೆ ಬಂತು. ಪಟೇಲ, ಶಾನುಭೋಗರಿಂದ ತೋಟಿ, ತಳವಾರರವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಹುದ್ದೆಗೆ ಸೇರಿದ ಜಮೀನು ಮೊದಲು ಸರ್ಕಾರಕ್ಕೆ ಬಂತು. ಆಮೇಲೆ ಅದೇ ಮನೆತನಕ್ಕೆ ಮರುಮಂಜೂರು ಮಾಡಬೇಕು ಎಂದು ಕಾಯ್ದೆ ಹೇಳಿತು. ಅದಕ್ಕೆ ಅರ್ಜಿ ಹಾಕಬೇಕು, ಒಂದು ಮೊತ್ತ ಕಟ್ಟಬೇಕು. ಪಟೇಲರಿಗೆ, ಶಾನುಭೋಗರಿಗೆ ಕಚೇರಿಯ ದಾರಿ ಗೊತ್ತಿತ್ತು. ತೋಟಿಗೆ ಆ ದಾರಿ ಗೊತ್ತಿದ್ದದ್ದು ಬೇರೆಯವರ ಕಾಗದ ಹೊತ್ತುಕೊಂಡು ಹೋಗುವುದಕ್ಕೆ. ಎಷ್ಟೋ ಹೊಲಗಳು ಮರುಮಂಜೂರಾಗುವ ಮೊದಲೇ ಕೈಗಡ ಸಾಲಕ್ಕೆ, ಬಾಯಿಮಾತಿನ ಕ್ರಯಕ್ಕೆ ಜಾರಿದ್ದವು. ಹಾಗಾಗಿಯೇ ಕಾಯ್ದೆಗೆ ತಿದ್ದುಪಡಿ ತಂದು, ಮರುಮಂಜೂರಾದ ಜಮೀನನ್ನು 15 ವರ್ಷ ಯಾರಿಗೂ ಮಾರುವ ಹಾಗಿಲ್ಲ ಎಂದು ಕಟ್ಟು ಹಾಕಬೇಕಾಯಿತು. ತೋಟಿ ಇನಾಂ, ತಳವಾರಿಕೆ ಇನಾಂ, ನೀರಗಂಟಿ ಇನಾಂ. ಇವುಗಳ ಮರುಮಂಜೂರಿ ಯಾರಿಗೆ ಸಲ್ಲಬೇಕು, ನಡುವೆ ಆದ ಕ್ರಯ ನಿಲ್ಲುತ್ತದೆಯೇ ಎಂಬ ವ್ಯಾಜ್ಯಗಳು ತಾಲ್ಲೂಕು ಕಚೇರಿಯಿಂದ ಹೈಕೋರ್ಟಿನವರೆಗೆ ದಶಕಗಳ ಕಾಲ ನಡೆದಿವೆ, ಇನ್ನೂ ನಡೆಯುತ್ತಿವೆ. ಅಂಥ ಕಡತದಲ್ಲಿ ನೀರಗಂಟಿಯ ಮೊಮ್ಮಗ ಒಂದು ಕಡೆ ಇರುತ್ತಾನೆ. ಇನ್ನೊಂದು ಕಡೆ, ಅಲ್ಲಿ ಬಡಾವಣೆ ಮಾಡಿ ನಿವೇಶನ ಹಂಚಿದವರು ಇರುತ್ತಾರೆ.